ಅಡಿಕೆ ಬುಡದ ಬೇಟೆಗಾರ ಹುಳು: ಐದನೇ ವಾರದ ಟಿಪ್ಪಣಿ

ಕೊನೆಗೂ ಸಿಕ್ಕಿತು. ಶನಿವಾರ ಸಂಜೆ, ತೋಟದ ಮಣ್ಣಿನ ಏಳನೇ ಸ್ಯಾಂಪಲ್‌ನಲ್ಲಿ, ಮೊನಾಂಕ್ ಗುಂಪಿನ ಒಂದು ಹೆಣ್ಣು ಹುಳು. ಮೊನಾಂಕ್ ಅಂದರೆ ಮಣ್ಣಿನ ಇತರ ಕಿರುಹುಳುಗಳನ್ನು ಬೇಟೆಯಾಡುವ ದುಂಡುಹುಳು (ನೆಮಟೋಡ್). ಉದ್ದ ಸುಮಾರು 1.5 ಮಿ.ಮೀ. ಖುಷಿಗೆ ಅಮ್ಮನನ್ನು ಕರೆದು ತೋರಿಸಿದೆ. "ಇಷ್ಟಕ್ಕೇನಾ ತಿಂಗಳಿಂದ ನನ್ನ ಬಕೆಟ್ ಇಟ್ಟುಕೊಂಡಿದ್ದು?" ಅಂದರು. ಆಮೇಲೆ ಹತ್ತು ನಿಮಿಷ ಕಣ್ಣು ಕೀಳದೆ ನೋಡಿದರು.

ಇಷ್ಟು ದಿನ ಸಿಗದೆ ಇದ್ದದ್ದು ಆಲಿಕೆಯ ದೆಸೆಯಿಂದ. ಮಣ್ಣಿನಿಂದ ಹುಳು ಬೇರ್ಪಡಿಸುವ ಬೇರ್ಮನ್ ವಿಧಾನದಲ್ಲಿ ಆಲಿಕೆಯೊಳಗೆ ಬಲೆ, ಅದರ ಮೇಲೆ ಟಿಶ್ಯೂ ಕಾಗದ, ಅದರಲ್ಲಿ ಎರಡು ಚಮಚ ಮಣ್ಣು, ಕೆಳಗೆ ಕ್ಲಿಪ್ ಹಾಕಿದ ರಬ್ಬರ್ ನಳಿಗೆ. ಮಣ್ಣು ನೆನೆಯುವಷ್ಟು ನೀರು ತುಂಬಿಸಿ ಒಂದು ದಿನ ಬಿಟ್ಟರೆ ಹುಳುಗಳು ಟಿಶ್ಯೂ ನುಸುಳಿ ಕ್ಲಿಪ್ ಬಳಿ ಸೇರುತ್ತವೆ. ಬ್ಯಾಕ್ಟೀರಿಯಾ ತಿನ್ನುವ ಚುರುಕು ಹುಳುಗಳು ಹೀಗೆ ರಾಶಿ ರಾಶಿ ಬಂದವು. ದಪ್ಪ ದೇಹದ, ನಿಧಾನಗತಿಯ ಬೇಟೆಗಾರರು ಟಿಶ್ಯೂ ದಾಟಿ ಬರುವುದು ಕಡಿಮೆ. ಹಾಗಾಗಿ ಈ ವಾರ ಹಳೆಯ ಸೋಸುವ ದಾರಿ ಹಿಡಿದೆ. ಬಕೆಟ್ ನೀರಲ್ಲಿ ಮಣ್ಣು ಕಲಕಿ, ಮರಳು ತಳ ಸೇರಲು ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಸರುನೀರನ್ನು ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆಯಲ್ಲಿ ಸೋಸಿದೆ.

ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ಇದರ ಬಾಯಿ ನೋಡಬೇಕು! ಪೀಪಾಯಿ ಆಕಾರದ ಗಟ್ಟಿ ಗೋಡೆಯ ಕೋಣೆ, ಬೆನ್ನಿನ ಕಡೆಯ ಗೋಡೆಯಿಂದ ಒಳಕ್ಕೆ ಚಾಚಿದ ಒಂದೇ ದೊಡ್ಡ ಹಲ್ಲು. ಎದುರು ಗೋಡೆಯಲ್ಲಿ ಅರದ ಗೆರೆಗಳಂತೆ ಅಡ್ಡಸಾಲಿನ ಕಿರುಹಲ್ಲುಗಳಿದ್ದವು. ಹಾಗಾಗಿ ಇದು ಮೊನಾಂಕ್‌ಗಳಲ್ಲಿ ಮೈಲಾಂಕುಲಸ್ ಎಂಬ ಕುಲದ್ದು ಅಂತ ನನ್ನ ಅಂದಾಜು. ಬಾಯಿಯ ಹಿಂದೆ ಉದ್ದಕ್ಕೂ ಒಂದೇ ಸಮ ದಪ್ಪದ ಸ್ನಾಯುವಿನ ಗಂಟಲು. ಬ್ಯಾಕ್ಟೀರಿಯಾ ತಿನ್ನುವವುಗಳ ಗಂಟಲ ತುದಿಯಲ್ಲಿ ಕಾಣುವ ಗುಂಡು ಗಡ್ಡೆ ಇಲ್ಲಿಲ್ಲ. ಈ ಗಂಟಲು ಬಲವಾಗಿ ಹೀರಿದರೆ ಬೇಟೆ ಇಡಿಯಾಗಿ ಒಳಗೆ ಹೋಗುತ್ತದೆ, ಇಲ್ಲವೇ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ನನ್ನ ಹುಳುವಿನ ಕರುಳಲ್ಲೇ ಅರ್ಧ ಕರಗಿದ ಇನ್ನೊಂದು ಹುಳುವಿನ ಚರ್ಮ ಸುತ್ತಿಕೊಂಡಿತ್ತು. ಅದನ್ನು ನೋಡಿ ಮೈ ಜುಮ್ಮೆಂದಿತು.

ಈ ಗುಂಪನ್ನು ಮೊನಾಂಕಿಡಾ ಎಂಬ ಪ್ರತ್ಯೇಕ ಗಣವಾಗಿ 1969ರಲ್ಲಿ ಸ್ಥಾಪಿಸಿದವರು ನಮ್ಮವರೇ, ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಶಮೀಮ್ ಜೈರಾಜಪುರಿ. ಅದಕ್ಕೂ ಮುಂಚೆ, 1922ರಲ್ಲಿ, ಸ್ಟೈನರ್ ಮತ್ತು ಹೈನ್ಲಿ ಎಂಬ ಸಂಶೋಧಕರು, ಒಂದೇ ಒಂದು ಮೊನಾಂಕ್ ಸುಮಾರು 12 ವಾರಗಳಲ್ಲಿ ಗಿಡದ ಬೇರಲ್ಲಿ ಗಂಟು ಮಾಡಿ ಹಾಳುಮಾಡುವ ಬೇರುಗಂಟು ಜಂತುವಿನ 1332 ಮರಿಗಳನ್ನು ಕೊಂದದ್ದನ್ನು ದಾಖಲಿಸಿದ್ದರು. ಕಾಳುಮೆಣಸಿನ ಬಳ್ಳಿ ಹಳದಿಯಾಗಿ ಸೊರಗುವುದನ್ನು ಕಂಡವರಿಗೆ ಈ ಸಂಖ್ಯೆಯ ಬೆಲೆ ಗೊತ್ತು. ಹಾಗಂತ ಇವನ್ನು ಸಾಕಿ ತೋಟಕ್ಕೆ ಬಿಡುವುದು ಸುಲಭವಿಲ್ಲ. ಮೊಟ್ಟೆ ಕಡಿಮೆ, ಬೆಳವಣಿಗೆ ನಿಧಾನ, ಒತ್ತಾಗಿ ಇಟ್ಟರೆ ಒಂದನ್ನೊಂದು ತಿನ್ನುತ್ತವೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇವು ಸಿಕ್ಕ ಜಾಗ. ಒಂದೇ ದಿನ, ಒಂದೇ ವಿಧಾನದಲ್ಲಿ ಎರಡು ಕಡೆಯ ಮಣ್ಣು ಸೋಸಿದ್ದೆ. ವರ್ಷಗಟ್ಟಲೆ ಅಗೆಯದೆ ಸೊಪ್ಪು, ದರಗು ಮುಚ್ಚಿದ ಅಡಿಕೆ ಬುಡದಲ್ಲಿ ಆ ಹೆಣ್ಣೂ ಸೇರಿ ಮೂರು ಮೊನಾಂಕ್. ಬೇಲಿಯಾಚೆ ಈ ವರ್ಷ ಉಳುಮೆ ಮಾಡಿ ಏರಿ ಹಾಕಿದ ಶುಂಠಿ ಗದ್ದೆಯಲ್ಲಿ ಒಂದೂ ಇಲ್ಲ, ಬ್ಯಾಕ್ಟೀರಿಯಾ ತಿನ್ನುವವು ಮಾತ್ರ ಗಿಜಿಗಿಜಿ. ನೆದರ್ಲೆಂಡ್ಸ್‌ನ ಸಂಶೋಧಕ ಟಾಮ್ ಬೊಂಗರ್ಸ್ ಮಣ್ಣಿನ ದುಂಡುಹುಳುಗಳಿಗೆ 1990ರಲ್ಲಿ ಮಾಡಿದ 1ರಿಂದ 5ರ ಅಳತೆಯಲ್ಲಿ ಮೊನಾಂಕ್‌ಗಳ ಸ್ಥಾನ 4. ಮಣ್ಣು ಕದಡಿದರೆ ಬೇಗ ಕಾಣೆಯಾಗಿ ತಡವಾಗಿ ಮರಳುವ ಜೀವಿಗಳು ಅಂತ ಅರ್ಥ. ಗೊಬ್ಬರ ಬಿದ್ದಲ್ಲೆಲ್ಲ ದಿನಗಳಲ್ಲಿ ಹೆಚ್ಚುವ ಹುಳುಗಳಿಗೆ 1. ಎರಡು ಸ್ಯಾಂಪಲ್‌ನಿಂದ ತೀರ್ಮಾನ ಕೊಡಲಾರೆ, ಆದರೆ ನಾನು ಕಂಡದ್ದು ಅದಕ್ಕೆ ಹೊಂದುತ್ತದೆ.

ತೋಟದ ಕೆಳತುದಿಯಲ್ಲಿ ಮೂರು ವರ್ಷದ ಹಿಂದೆ ಶುಂಠಿ ಕಿತ್ತು ಹಾಗೇ ಬಿಟ್ಟ ತಾಕು ಒಂದಿದೆ. ಬರುವ ಶನಿವಾರ ಅಲ್ಲಿಂದ ಐದು ಕಡೆ ಮಣ್ಣು ತೆಗೆಯುತ್ತೇನೆ. ಅಮ್ಮನಿಗೆ ಹೊಸ ಬಕೆಟ್ ತಂದಾಗಿದೆ.