ರಕ್ತ ಎಷ್ಟು ಹೋಯಿತು ಅಂತ ಕಣ್ಣಳತೆಯಲ್ಲಿ ಹೇಳಬಹುದಾ?

ಒಂದು ಆಸ್ಪತ್ರೆಯಲ್ಲಿ ಹಳೆಯ ಕೇಸ್ ಶೀಟುಗಳನ್ನು ಜೋಡಿಸಿಡುವ ವಿಭಾಗದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಬರೀ ಕಾಗದದ ಕೆಲಸ. ಹೆರಿಗೆ ವಾರ್ಡಿನಿಂದ ಬರುತ್ತಿದ್ದ ಶೀಟುಗಳಲ್ಲಿ ಒಂದು ವಿಷಯ ಯಾವಾಗಲೂ ವಿಚಿತ್ರ ಅನ್ನಿಸುತ್ತಿತ್ತು. ಮಗುವಿನ ತೂಕವನ್ನು ಗ್ರಾಮ್ ಲೆಕ್ಕದಲ್ಲಿ ಬರೆದಿರುತ್ತಾರೆ. ಹುಟ್ಟಿದ ಹೊತ್ತು ನಿಮಿಷದ ಲೆಕ್ಕದಲ್ಲಿ ಇರುತ್ತದೆ. ಆದರೆ ತಾಯಿಗೆ ಎಷ್ಟು ರಕ್ತ ಹೋಯಿತು ಅನ್ನುವ ಜಾಗದಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ 200 ಮಿಲಿ, ಇಲ್ಲವೇ 250, ಇಲ್ಲವೇ ಸುಮ್ನೆ 'ಆವರೇಜ್'. ಕೆಲವೊಮ್ಮೆ ಅದೇ ಶೀಟಿನ ಮುಂದಿನ ಪುಟದಲ್ಲಿ ಎರಡು ಬಾಟಲಿ ರಕ್ತ ಹಾಕಿದ್ದು ಬರೆದಿರುತ್ತಿತ್ತು. 200 ಮಿಲಿ ಹೋದವಳಿಗೆ ಎರಡು ಬಾಟಲಿ ಯಾಕೆ ಬೇಕಾಯಿತು? ಕೇಳಬೇಕು ಅನ್ನಿಸುತ್ತಿತ್ತು, ಆದರೆ ಕಾಗದ ಜೋಡಿಸುವವಳು ಡಾಕ್ಟರನ್ನು ಅಂಥ ಪ್ರಶ್ನೆ ಕೇಳುವುದು ಉಂಟಾ.

ಕೇಳಿದವರು ಬೇರೆ ಇದ್ದರು, ಅದೂ ನಮ್ಮ ಬೆಳಗಾವಿಯಲ್ಲೇ ಅಂತ ಗೊತ್ತಾಗಿದ್ದು ಆ ಕೆಲಸ ಬಿಟ್ಟ ಎಷ್ಟೋ ಕಾಲದ ಮೇಲೆ. ಅದನ್ನು ಹೇಳೋಣ ಅಂತಲೇ ಈ ಬರಹ. ನಮ್ಮ ಪೇಪರುಗಳಲ್ಲಿ ರೋಬೋಟ್ ಆಪರೇಷನ್, ಜೀನ್ ಥೆರಪಿ ಬಗ್ಗೆ ಅರ್ಧ ಪುಟ ಬರುತ್ತದೆ. ಹೆರಿಗೆ ವಾರ್ಡಿನ ಸಂಶೋಧನೆ ಬಗ್ಗೆ ನಾಲ್ಕು ಸಾಲೂ ಬರುವುದಿಲ್ಲ.

ಇದು ಯಾಕೆ ಅಷ್ಟು ಮುಖ್ಯ ಅಂತ ಮೊದಲು ಹೇಳಿಬಿಡುತ್ತೇನೆ. ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್, ಅದಕ್ಕಿಂತ ಜಾಸ್ತಿಯೂ, ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ, ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಅದರ ಸ್ನಾಯುಗಳೇ ರಕ್ತನಾಳಗಳನ್ನು ಹಿಂಡಿ ಮುಚ್ಚುವುದು. ಮುದುಡದೆ ಸಡಿಲವಾಗಿ ಉಳಿದರೆ ರಕ್ತ ಹೋಗುತ್ತಲೇ ಇರುತ್ತದೆ. ಹೆತ್ತವಳು ಸಾಮಾನ್ಯವಾಗಿ ಚಿಕ್ಕ ವಯಸ್ಸಿನವಳು, ದೇಹಕ್ಕೆ ತಡೆದುಕೊಳ್ಳುವ ಶಕ್ತಿ ಇರುತ್ತದೆ, ಹಾಗಾಗಿ ಬಿಪಿ ತುಂಬಾ ಹೊತ್ತು ಸರಿಯಾಗೇ ಕಾಣುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ರಕ್ತ ಮೊದಲೇ ಕಡಿಮೆ ಇದ್ದವಳಿಗೆ ಅಷ್ಟು ಹೊತ್ತೂ ಸಿಗುವುದಿಲ್ಲ. "ಮಗು ಚೆನ್ನಾಗಿ ಹುಟ್ಟಿತು, ಅವಳು ಮಾತಾಡ್ತಾ ಇದ್ದಳು, ಆಮೇಲೆ ಏನಾಯಿತೋ ಗೊತ್ತಿಲ್ಲ" ಅಂತ ಮನೆಯವರು ಹೇಳುವುದನ್ನು ನೀವೂ ಕೇಳಿರಬಹುದು.

500 ಮಿಲಿ ದಾಟಿದರೆ ಅದು ಹೆರಿಗೆಯ ನಂತರದ ರಕ್ತಸ್ರಾವ ಅಂತ ಪುಸ್ತಕಗಳಲ್ಲಿ ಹಿಂದಿನಿಂದಲೂ ಇದೆ. ದಾಟಿತು ಅಂತ ಗೊತ್ತಾಗುವುದು ಹೇಗೆ? ಬಟ್ಟೆಯಲ್ಲಿ ಸ್ವಲ್ಪ, ಪ್ಯಾಡಿನಲ್ಲಿ ಸ್ವಲ್ಪ, ಟ್ರೇಯಲ್ಲಿ ಗಡ್ಡೆ, ಕೆಳಗಿನ ಬಕೆಟ್ಟಿನಲ್ಲಿ ಇನ್ನಷ್ಟು, ಅದರ ಜೊತೆ ಗರ್ಭದ ನೀರು, ಮೂತ್ರ. ಎಲ್ಲ ಸೇರಿ ಕೆಂಪಗೆ ಕಾಣುತ್ತದೆ ಅಷ್ಟೇ. ಪಕ್ಕದ ಮಂಚದಲ್ಲಿ ಇನ್ನೊಬ್ಬಳು ಕೂಗುತ್ತಿರುತ್ತಾಳೆ. ಅಂಥ ಹೊತ್ತಿನಲ್ಲಿ ಸಿಸ್ಟರ್ 200 ಅಂತ ಬರೆದರೆ ಅವರನ್ನು ಬೈದು ಪ್ರಯೋಜನವಿಲ್ಲ.

ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಮತ್ತು ಅಮೆರಿಕದ ಕೆಲವು ಸಂಶೋಧಕರು ಸೇರಿ ಇದಕ್ಕೊಂದು ಸರಳ ಉಪಾಯ ಮಾಡಿದರು. ಒಂದು ಪ್ಲಾಸ್ಟಿಕ್ ಹಾಳೆ, 'ಡ್ರೇಪ್' ಅನ್ನುತ್ತಾರೆ. ಮಗು ಹೊರಗೆ ಬಂದ ತಕ್ಷಣ ತಾಯಿಯ ಸೊಂಟದ ಕೆಳಗೆ ಅದನ್ನು ಹಾಸಿ, ಹೊಟ್ಟೆಯ ಸುತ್ತ ದಾರ ಕಟ್ಟುತ್ತಾರೆ. ಹಾಳೆಯ ಕೆಳತುದಿಯಲ್ಲಿ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಇಳಿದು ಅಲ್ಲಿ ಸೇರುತ್ತದೆ, ನೋಡಿದರೆ ಎಷ್ಟು ಅಂತ ಗೊತ್ತಾಗುತ್ತದೆ. ಇದನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯಾದ 123 ಹೆಂಗಸರಲ್ಲಿ ಪರೀಕ್ಷಿಸಿದರು. ಕೆಲವರಿಗೆ ಡ್ರೇಪ್, ಉಳಿದವರಿಗೆ ಎಂದಿನ ಕಣ್ಣಳತೆ. ಡ್ರೇಪಿನ ಲೆಕ್ಕಕ್ಕಿಂತ ಕಣ್ಣಿನ ಲೆಕ್ಕ ಶೇಕಡಾ 33 ಕಡಿಮೆ ಬಂತು. ಅಂದರೆ ಮೂರನೇ ಒಂದು ಭಾಗ ರಕ್ತ ಲೆಕ್ಕಕ್ಕೇ ಸಿಕ್ಕಿರಲಿಲ್ಲ. 2006ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿದಾಗ ಆ ಕೇಸ್ ಶೀಟುಗಳ 200 ಮಿಲಿ ಎಲ್ಲಿಂದ ಬರುತ್ತಿತ್ತು ಅಂತ ಅರ್ಥವಾಯಿತು. ಇನ್ನೊಂದು ವಿಷಯ, ರಕ್ತ ಜಾಸ್ತಿ ಹೋದಷ್ಟೂ ಕಣ್ಣಳತೆ ಜಾಸ್ತಿ ತಪ್ಪುತ್ತದೆ. ಯಾರ ಬಗ್ಗೆ ಸರಿಯಾಗಿ ಗೊತ್ತಾಗಬೇಕೋ ಅವರ ಬಗ್ಗೆಯೇ ಗೊತ್ತಾಗುವುದಿಲ್ಲ.

ಅದೇ ಡ್ರೇಪನ್ನು ಬಳಸಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ದೊಡ್ಡ ಅಧ್ಯಯನ ನಡೆಯಿತು, 2002ರಿಂದ 2005ರವರೆಗೆ. ಆಗ ಮನೆಯಲ್ಲೇ ಹೆರಿಗೆ ಆಗುವುದು ಇನ್ನೂ ಸಾಮಾನ್ಯ. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಹಳ್ಳಿಯ ಆರೋಗ್ಯ ಸೇವೆಯ ಎಎನ್‌ಎಂ ಸಿಸ್ಟರ್‌ಗಳು. ಅವರ ಕೈಯಲ್ಲಿ ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಇರಲಿಲ್ಲ, ಅದನ್ನು ತಣ್ಣಗೆ ಇಡಬೇಕು, ಹಳ್ಳಿಯಲ್ಲಿ ಫ್ರಿಜ್ ಎಲ್ಲಿ. ಮಿಸೊಪ್ರೊಸ್ಟಾಲ್ ಅಂತ ಒಂದು ಮಾತ್ರೆ ಇದೆ. ಮೂಲದಲ್ಲಿ ಅದು ಹೊಟ್ಟೆಯ ಹುಣ್ಣಿಗೆ ಬಂದ ಔಷಧಿ, ಆದರೆ ಗರ್ಭಕೋಶವನ್ನೂ ಮುದುಡಿಸುತ್ತದೆ. ಒಟ್ಟು 1,620 ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಹೆರಿಗೆಯಾದ ಕೂಡಲೇ ಈ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ, ಕೊಡುವ ಸಿಸ್ಟರ್‌ಗೂ ಗೊತ್ತಿರಲಿಲ್ಲ. ಫಲಿತಾಂಶ: 500 ಮಿಲಿ ದಾಟಿದ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಒಂದು ಲೀಟರ್ ದಾಟಿದ್ದು 1.2ರಿಂದ 0.2ಕ್ಕೆ. ಮಾತ್ರೆ ತೆಗೆದುಕೊಂಡವರಿಗೆ ಸ್ವಲ್ಪ ಹೊತ್ತು ನಡುಕ, ಜ್ವರ ಬರುತ್ತಿತ್ತು, ಅಷ್ಟೇ ದೊಡ್ಡ ತೊಂದರೆ. ಹೆರಿಗೆಯ ರಕ್ತಸ್ರಾವ ತಡೆಯಲು ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅದರ ಹಿಂದಿನ ಮುಖ್ಯ ಆಧಾರಗಳಲ್ಲಿ ಬೆಳಗಾವಿಯ ಈ ಕೆಲಸವೂ ಒಂದು.

ನನಗೆ ಇದರಲ್ಲಿ ಒಂದು ಕಸಿವಿಸಿ ಇದ್ದೇ ಇದೆ. ಅರ್ಧ ಜನಕ್ಕೆ ಖಾಲಿ ಮಾತ್ರೆ ಕೊಟ್ಟರು ಅಲ್ವಾ? ಆ ಹಳ್ಳಿಗಳಲ್ಲಿ ಆಗ ಬೇರೇನೂ ಕೊಡುತ್ತಿರಲಿಲ್ಲ, ಆದ್ದರಿಂದ ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಂಡಂತೆ ಆಗಲಿಲ್ಲ ಅನ್ನುವುದು ಸಂಶೋಧಕರ ಕಡೆಯ ವಾದ. ವಾದ ಸರಿ ಇದೆ. ಆದರೂ ಆ ಖಾಲಿ ಮಾತ್ರೆಯ ಗುಂಪಿನಲ್ಲಿದ್ದ ಎಂಟುನೂರು ಚಿಲ್ಲರೆ ಹೆಂಗಸರಿಂದಲೇ ಜಗತ್ತಿಗೆ ಉತ್ತರ ಸಿಕ್ಕಿದ್ದು, ಅವರ ಊರಿನಲ್ಲಿ ಇದು ಎಷ್ಟು ಜನಕ್ಕೆ ಗೊತ್ತು?

ಮಾತ್ರೆ ತಡೆಯುವುದಕ್ಕೆ. ರಕ್ತಸ್ರಾವ ಶುರುವಾಗಿಬಿಟ್ಟರೆ? ಟ್ರಾನೆಕ್ಸಮಿಕ್ ಆಸಿಡ್ ಅಂತ ಔಷಧಿ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವವರಿಗೆ ಮಾತ್ರೆಯಾಗಿ ಕೊಡುತ್ತಾರೆ, ನಿಮ್ಮಲ್ಲಿ ಕೆಲವರು ತೆಗೆದುಕೊಂಡಿರಬಹುದು. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ ಒಕಾಮೊಟೊ 1960ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಆಕೆ ಹುಡುಕುತ್ತಿದ್ದದ್ದೇ ಹೆರಿಗೆಯಲ್ಲಿ ಸಾಯುವವರಿಗೆ ಒಂದು ಔಷಧಿ. ಆದರೆ ಹೆರಿಗೆಯಲ್ಲಿ ಇದು ನಿಜವಾಗಿ ಜೀವ ಉಳಿಸುತ್ತದೆಯೇ ಅಂತ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಲು 2010ರವರೆಗೆ ಕಾಯಬೇಕಾಯಿತು. 'ವುಮನ್' ಅನ್ನುವ ಆ ಅಧ್ಯಯನದಲ್ಲಿ 21 ದೇಶಗಳ 193 ಆಸ್ಪತ್ರೆಗಳು, 20,060 ಹೆಂಗಸರು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದ ಸಾಯುವವರು ಶೇಕಡಾ 1.7ರಿಂದ 1.2ಕ್ಕೆ ಇಳಿದರು. ಮೂರು ಗಂಟೆ ದಾಟಿದರೆ ಲಾಭ ಕಾಣಲಿಲ್ಲ. 2017ರಲ್ಲಿ ಫಲಿತಾಂಶ ಬಂತು, ಉಟಾಕೊ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಮೂರು ಗಂಟೆ ಅನ್ನುವುದನ್ನು ಗಮನಿಸಿ. ರಕ್ತ ಜಾಸ್ತಿ ಹೋಗುತ್ತಿದೆ ಅಂತ ಗೊತ್ತಾಗುವುದೇ ತಡವಾದರೆ ಬೀರುವಿನಲ್ಲಿ ಎಂಥ ಔಷಧಿ ಇದ್ದರೂ ಏನು ಬಂತು? ಮತ್ತೆ ಅದೇ ಪ್ಲಾಸ್ಟಿಕ್ ಹಾಳೆಗೆ ಬರಬೇಕು.

2023ರ ಮೇ ತಿಂಗಳಲ್ಲಿ 'ಇ-ಮೋಟಿವ್' ಅನ್ನುವ ಅಧ್ಯಯನ ಹೊರಬಂತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಮುಂದೆ ನಿಂತು ನಡೆಸಿದ್ದು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಜಾಸ್ತಿ ನಾರ್ಮಲ್ ಹೆರಿಗೆಗಳಲ್ಲಿ. ಇಲ್ಲಿ ಹೊಸ ಔಷಧಿ ಒಂದೂ ಇಲ್ಲ! ಗೆರೆ ಇರುವ ಡ್ರೇಪಿನಲ್ಲಿ ಅಳೆಯಬೇಕು. 500 ಮಿಲಿ ಮುಟ್ಟಿದರೆ, ಅಥವಾ 300 ದಾಟಿ ಬೇರೆ ಏನಾದರೂ ಅನುಮಾನ ಬಂದರೆ, ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಕು. ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಉಜ್ಜುವುದು, ಮುದುಡಿಸುವ ಔಷಧಿ, ಟ್ರಾನೆಕ್ಸಮಿಕ್ ಆಸಿಡ್, ಡ್ರಿಪ್, ಎಲ್ಲಾದರೂ ಹರಿದಿದೆಯಾ ಅಂತ ಪರೀಕ್ಷೆ, ನಿಲ್ಲದಿದ್ದರೆ ದೊಡ್ಡ ಡಾಕ್ಟರನ್ನು ಕರೆಯುವುದು. ಮೊದಲೆಲ್ಲ ಏನು ಮಾಡುತ್ತಿದ್ದರು ಅಂದರೆ ಒಂದನ್ನು ಕೊಟ್ಟು ಕಾದು ನೋಡುವುದು, ನಿಲ್ಲಲಿಲ್ಲವಾ, ಇನ್ನೊಂದು, ಮತ್ತೆ ಕಾಯುವುದು. ಕಾಯುತ್ತಾ ಕಾಯುತ್ತಾ ಹೊತ್ತು ಹೋಗುತ್ತಿತ್ತು.

ನನಗೆ ತುಂಬಾ ಹಿಡಿಸಿದ್ದು ಹೋಲಿಕೆಗೆ ಇಟ್ಟ ಆಸ್ಪತ್ರೆಗಳ ವ್ಯವಸ್ಥೆ. ಅಲ್ಲೂ ಡ್ರೇಪ್ ಹಾಸುತ್ತಿದ್ದರು, ಆದರೆ ಅದರ ಮೇಲೆ ಗೆರೆ ಇರಲಿಲ್ಲ. ರಕ್ತವನ್ನು ಆಮೇಲೆ ತೂಕ ಮಾಡಿ ಲೆಕ್ಕ ಇಡುತ್ತಿದ್ದರು. ಹಾಗಾಗಿ ಎರಡೂ ಕಡೆ ನಿಜವಾಗಿ ಎಷ್ಟು ಹೋಯಿತು ಅಂತ ಲೆಕ್ಕ ಸಿಕ್ಕಿತು, ಆ ಹೊತ್ತಿನಲ್ಲಿ ಸಿಸ್ಟರ್‌ಗೆ ಗೊತ್ತಾಗಿತ್ತೇ ಅನ್ನುವುದೂ ಸಿಕ್ಕಿತು. ಗೆರೆ ಇಲ್ಲದ ಕಡೆ ಶೇಕಡಾ 51ರಷ್ಟು ರಕ್ತಸ್ರಾವಗಳು ಮಾತ್ರ ಗುರುತಿಗೆ ಬಂದವು, ಗೆರೆ ಇದ್ದ ಕಡೆ 93. ಒಂದು ಲೀಟರ್ ದಾಟಿದ ರಕ್ತಸ್ರಾವ, ರಕ್ತ ನಿಲ್ಲಿಸಲು ಹೊಟ್ಟೆ ತೆರೆಯಬೇಕಾದದ್ದು, ರಕ್ತಸ್ರಾವದಿಂದ ಸಾವು, ಈ ಮೂರನ್ನೂ ಸೇರಿಸಿದರೆ ಹಳೆಯ ಪದ್ಧತಿಯಲ್ಲಿ ಶೇಕಡಾ 4.3, ಹೊಸದರಲ್ಲಿ 1.6. ಸಾವನ್ನು ಮಾತ್ರ ತೆಗೆದುಕೊಂಡರೆ ಎರಡೂ ಕಡೆ ಸಂಖ್ಯೆ ಚಿಕ್ಕದು, ಇದರಿಂದಲೇ ಸಾವು ಇಳಿಯಿತು ಅಂತ ಖಚಿತವಾಗಿ ಹೇಳಲು ಸಾಲದು. ಇದನ್ನು ಮುಚ್ಚಿಡದೆ ಹೇಳಬೇಕು, ಯಾಕೆಂದರೆ ವಾಟ್ಸಾಪಿನಲ್ಲಿ ಬಂದಿದ್ದು "60 ಪರ್ಸೆಂಟ್ ಸಾವು ಕಡಿಮೆ" ಅಂತ.

ಎಲ್ಲ ಊಹೆಯೂ ಗೆಲ್ಲುವುದಿಲ್ಲ. ಟ್ರಾನೆಕ್ಸಮಿಕ್ ಆಸಿಡ್ ಅಷ್ಟು ಒಳ್ಳೆಯದಾದರೆ ರಕ್ತಹೀನತೆ ಇರುವವರಿಗೆ ಮುಂಚಿತವಾಗೇ ಕೊಟ್ಟುಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. 15,000ಕ್ಕೂ ಜಾಸ್ತಿ ಹೆಂಗಸರಲ್ಲಿ ಮಾಡಿದ 'ವುಮನ್-2' ಅದೇ ವರ್ಷ ಬಂತು. ಔಷಧಿ ಕೊಟ್ಟವರಲ್ಲಿ ಶೇಕಡಾ 7ರಷ್ಟು ರಕ್ತಸ್ರಾವ, ಕೊಡದವರಲ್ಲಿ 6.6. ಏನೂ ಪ್ರಯೋಜನ ಆಗಲಿಲ್ಲ. ಇಂಥ ಫಲಿತಾಂಶಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಆದರೆ ಎಷ್ಟು ಇಂಜೆಕ್ಷನ್ ಸುಮ್ನೆ ಚುಚ್ಚುವುದು ತಪ್ಪಿತು ನೋಡಿ.

ನಮ್ಮ ಕಡೆಯ ಇನ್ನೆರಡು ಬೇಗ ಹೇಳುತ್ತೇನೆ. ಬಿಪಿ ಏರದಿರಲಿ ಅಂತ ಗರ್ಭಿಣಿಯರಿಗೆ ದಿನಕ್ಕೆ 1,500 ಮಿಲಿಗ್ರಾಮ್ ಕ್ಯಾಲ್ಸಿಯಂ ಹೇಳುತ್ತಾರೆ, ಅಂದರೆ ದೊಡ್ಡ ದೊಡ್ಡ ಮಾತ್ರೆ ಮೂರು. 500 ಸಾಕಾಗುತ್ತದೆಯೇ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಇಲ್ಲಿನ 11,000 ಗರ್ಭಿಣಿಯರಲ್ಲಿ ಪರೀಕ್ಷಿಸಿದರು, ಟಾಂಜಾನಿಯಾದಲ್ಲೂ ಅಷ್ಟೇ ಜನ. ಬೆಂಗಳೂರಿನಲ್ಲಿ ಪ್ರಿ-ಎಕ್ಲಾಂಪ್ಸಿಯಾ, ಅಂದರೆ ಗರ್ಭಿಣಿಯರಿಗೆ ಬಿಪಿ ಏರುವ ಕಾಯಿಲೆ, 500 ತೆಗೆದುಕೊಂಡವರಲ್ಲಿ ಶೇಕಡಾ 3.0, 1,500 ತೆಗೆದುಕೊಂಡವರಲ್ಲಿ 3.6. ಅಂದರೆ 500 ಸಾಕಾಯಿತು. 2024ರ ಜನವರಿಯಲ್ಲಿ ಪ್ರಕಟವಾಯಿತು. ಇನ್ನೊಂದು, ಹೆರಿಗೆ ನೋವಿನಲ್ಲಿರುವಾಗ ಒಮ್ಮೆ ಅಜಿಥ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್ ಕೊಡುವುದು. ಬೆಳಗಾವಿಯೂ ಸೇರಿದ್ದ ಏಳು ದೇಶಗಳ ಆ ಅಧ್ಯಯನದಲ್ಲಿ ತಾಯಂದಿರ ನಂಜು ಅಥವಾ ಸಾವು ಶೇಕಡಾ 2.4ರಿಂದ 1.6ಕ್ಕೆ ಇಳಿಯಿತು, ಮಕ್ಕಳಿಗೆ ವ್ಯತ್ಯಾಸ ಆಗಲಿಲ್ಲ.

ಇತ್ತೀಚೆಗೆ ಅಣ್ಣನ ಮಗಳು ಫೋನ್ ಮಾಡಿದ್ದಳು. "ಅತ್ತೆ, ಆಸ್ಪತ್ರೇಲಿ ಯಾವುದೋ ಸ್ಟಡಿಗೆ ಸೇರ್ತೀರಾ ಅಂತ ಕೇಳ್ತಿದಾರೆ, ನನ್ನ ಮೇಲೆ ಪ್ರಯೋಗ ಮಾಡ್ತಾರಾ?" ಹೌದು ಕಣೇ, ಪ್ರಯೋಗವೇ ಅಂದೆ. ಸೇರು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಸಿಟಿಆರ್‌ಐ (ಇಂಥ ಅಧ್ಯಯನಗಳ ಸರ್ಕಾರಿ ನೋಂದಣಿ) ನಂಬರ್ ಇದೆಯಾ, ಇನ್ನೊಂದು ಗುಂಪಿಗೆ ಏನು ಕೊಡುತ್ತಾರೆ, ತೊಂದರೆಯಾದರೆ ಖರ್ಚು ಯಾರದು, ಮಧ್ಯದಲ್ಲಿ ಬಿಟ್ಟರೆ ಚಿಕಿತ್ಸೆ ಹೀಗೇ ಮುಂದುವರಿಯುತ್ತದಾ ಅಂತ ಕೇಳು ಅಂದೆ. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಸಹಿ ಹಾಕಬೇಡ ಅಂತಲೂ ಹೇಳಿದೆ. ಆ ಕಾಗದ ಮನೆಗೆ ತಂದು ಓದಲು ಅವಳಿಗೆ ಬಿಟ್ಟರಂತೆ, ಅದು ಒಳ್ಳೆಯ ಲಕ್ಷಣ.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಕೊಟ್ಟಿತು. ಅಳತೆಯ ಡ್ರೇಪ್ ಬಳಸಿ, 500 ಮಿಲಿವರೆಗೆ ಕಾಯಬೇಡಿ, 300 ದಾಟಿ ನಾಡಿ ಅಥವಾ ಬಿಪಿ ಏರುಪೇರಾದರೆ ಆಗಲೇ ಚಿಕಿತ್ಸೆ ಶುರು ಮಾಡಿ ಅಂತ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು ಅಂತ 2018–20ರ ಸರ್ಕಾರಿ ಲೆಕ್ಕ. ಆಗ ಕೇರಳದಲ್ಲಿ 19.

ಆದರೆ ಈ ಹಾಳೆ ನಾರ್ಮಲ್ ಹೆರಿಗೆಗೆ ಮಾತ್ರ. ನಮ್ಮಲ್ಲಿ ಈಗ ಮೂರರಲ್ಲಿ ಒಂದರ ಹತ್ತಿರ ಸಿಸೇರಿಯನ್. ಅಲ್ಲಿ ರಕ್ತ ಸಕ್ಷನ್ ಬಾಟಲಿಗೆ ಹೋಗುತ್ತದೆ, ಗರ್ಭದ ನೀರಿನ ಜೊತೆ ಬೆರೆತು. ಉಳಿದದ್ದು ಒರೆಸುವ ಬಟ್ಟೆಗಳಲ್ಲಿ, ಮಂಚದ ಮೇಲೆ. ಬಟ್ಟೆಗಳನ್ನು ಒಂದೊಂದಾಗಿ ತೂಗಿ, ಒಣ ತೂಕ ಕಳೆದು, ಬಾಟಲಿಯಲ್ಲಿ ನೀರೆಷ್ಟು ಅಂತ ಬೇರೆ ಮಾಡಿದರೆ ಲೆಕ್ಕ ಸಿಗುತ್ತದೆ. ಆಪರೇಷನ್ ಟೇಬಲ್ ಬೇಗ ಖಾಲಿಯಾಗಬೇಕಾದ ಕಡೆ ಅಷ್ಟೆಲ್ಲ ಮಾಡುವವರು ಯಾರು? ನಾನು ನೋಡಿದ ಸಿಸೇರಿಯನ್ ಶೀಟುಗಳಲ್ಲಿ 500 ಮಿಲಿ ಅಂತ ಇರುತ್ತಿತ್ತು, ಎಲ್ಲರಿಗೂ.