ಚೌಕದ ಮರದ ಮಂಟಪ: ಆರನೆಯ ವಾರದ ಪ್ರಗತಿ

ಹಿಂದಿನ ವರದಿ ಬರೆಯುವಾಗ ನಮ್ಮ ಮಂಟಪ ಕಾರ್ಯಾಗಾರದ ನೆಲದ ಮೇಲೆ ಚಾಪೆಯಂತೆ ಹಾಸಿಕೊಂಡಿತ್ತು. ಈ ವಾರ ಅದು ಎದ್ದು ನಿಂತಿದೆ, ಆದರೆ ಎರಡನೆಯ ಪ್ರಯತ್ನದಲ್ಲಿ.

ನಗರದ ಚೌಕದಲ್ಲಿ ಆರು ವಾರ ಮಾತ್ರ ಇರಬೇಕಾದ ಈ ಮಂಟಪದ ಉದ್ದ 8 ಮೀಟರ್, ಅಗಲ 6 ಮೀಟರ್. 40 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ ರೀಪುಗಳನ್ನು ಅಡ್ಡಡ್ಡ ಉದ್ದುದ್ದ ಹಾಸಿ, ಅವು ಸಂಧಿಸುವಲ್ಲೆಲ್ಲ ಒಂದೊಂದು ಬೋಲ್ಟ್ ಹಾಕಿ, ಇಡೀ ಜಾಲವನ್ನು ನೆಲದಲ್ಲೇ ಜೋಡಿಸಿದ ಮೇಲೆ ಬಗ್ಗಿಸಿ ಎತ್ತುವುದು ನಮ್ಮ ಕ್ರಮ. ಜರ್ಮನಿಯ ಮಾನ್‌ಹೈಮ್‌ನಲ್ಲಿ 1975ರ ಉದ್ಯಾನ ಪ್ರದರ್ಶನಕ್ಕೆಂದು ವಾಸ್ತುಶಿಲ್ಪಿ ಫ್ರೈ ಒಟ್ಟೊ ಅವರ ಸಹಯೋಗದಲ್ಲಿ ಎದ್ದ ಮಲ್ಟಿಹಾಲೆ ಎಂಬ ದೊಡ್ಡ ಸಭಾಂಗಣದ ಛಾವಣಿಯೂ ಹೀಗೆಯೇ, 50 ಮಿ.ಮೀ. ಚೌಕದ, ಹೆಮ್ಲಾಕ್ ಎಂಬ ಮರದ ರೀಪುಗಳಿಂದ ರೂಪುಗೊಂಡಿತು. ತಾತ್ಕಾಲಿಕವೆಂದು ಕಟ್ಟಿದ ಆ ಛಾವಣಿಯನ್ನು ಮುಂದೆ ಉಳಿಸಿಕೊಂಡರು. ನಮ್ಮದು ಮಾತ್ರ ಹೇಳಿದ ದಿನಕ್ಕೆ, ಚೌಕದ ಒಂದು ಕಲ್ಲಿಗೂ ಗಾಯವಾಗದಂತೆ ಬಿಚ್ಚಿಕೊಂಡು ಹೋಗಬೇಕು.

ಮೊದಲ ಸಲ ಎತ್ತಿದಾಗ ಹನ್ನೊಂದು ರೀಪುಗಳು ಮುರಿದವು. ಕಾರಣ ಎರಡು. ನಮ್ಮ ಕಮಾನಿನ ತೀವ್ರ ತಿರುವಿನಲ್ಲಿ ತ್ರಿಜ್ಯ 4 ಮೀಟರ್. ಅಷ್ಟು ಬಗ್ಗಿದಾಗ ರೀಪಿನ ಹೊರಮೈಯ ನಾರುಗಳ ಮೇಲೆ ಚದರ ಮಿ.ಮೀ.ಗೆ ಸುಮಾರು 25 ನ್ಯೂಟನ್ ಸೆಳೆತ ಬೀಳುತ್ತದೆ. ನೇರ ನಾರಿನ ಮರ ಅದನ್ನು ತಾಳುತ್ತದೆ, ಗಂಟಿದ್ದ ಮರ ತಾಳುವುದಿಲ್ಲ. ಮುರಿದ ತುಂಡೊಂದನ್ನು ಬೆಳಕಿಗೆ ಹಿಡಿದು ನೋಡಿದಾಗ, ಬೆರಳ ತುದಿಯಷ್ಟಿದ್ದ ಕಂದು ಗಂಟನ್ನು ಬಳಸಿ ನಾರುಗಳು ಹೊಳೆಯ ನೀರು ಬಂಡೆಯನ್ನು ಸುತ್ತುವಂತೆ ತಿರುಗಿದ್ದವು. ಬಿರುಕು ಅದೇ ತಿರುವಿನಿಂದ ಹೊರಟಿತ್ತು. ಎರಡನೆಯ ಕಾರಣ ನಮ್ಮದೇ ತಪ್ಪು. ಜಾಲ ಮೇಲೇಳುವಾಗ ಅದರ ಚೌಕಗಳು ಕತ್ತರಿಯಂತೆ ಓರೆಯಾಗಲು ನಟ್‌ಗಳು ಸಡಿಲವಾಗಿರಬೇಕು. ನಾವು ಒಂದು ಸಾಲನ್ನು ಮೊದಲೇ ಬಿಗಿದಿದ್ದೆವು. ಆ ಸಾಲು ಮಿಸುಕಲಿಲ್ಲ, ಪಕ್ಕದ ರೀಪುಗಳು ಅದರ ಪಾಲಿನ ಬಾಗನ್ನೂ ಹೊತ್ತು ಸೋತವು.

ನಾಲ್ಕು ದಿನ ಗಂಟುಗಳನ್ನು ಕತ್ತರಿಸಿ ತೆಗೆಯುವುದರಲ್ಲೇ ಕಳೆಯಿತು. ತುಂಡುಗಳ ತುದಿಯನ್ನು 160 ಮಿ.ಮೀ. ಉದ್ದಕ್ಕೆ ಓರೆಯಾಗಿ ಹೆರೆದು ಅಂಟಿಸಿದ್ದೇವೆ. ಇಡೀ ಮಂಟಪದಲ್ಲಿ ಅಂಟು ಇರುವುದು ಇಲ್ಲಿ ಮಾತ್ರ, ಉಳಿದದ್ದೆಲ್ಲ ಸ್ಪ್ಯಾನರ್‌ಗೆ ಬಿಚ್ಚಿಕೊಳ್ಳುತ್ತದೆ. ಎರಡನೆಯ ಸಲ ಒಂದು ರೀಪೂ ಮುರಿಯಲಿಲ್ಲ. ಆಕಾರ ಬಂದ ಮೇಲೆ ನಟ್ ಬಿಗಿದು, ಚೌಕಗಳು ಮತ್ತೆ ಓರೆಯಾಗದಂತೆ ಮೂಲೆಯಿಂದ ಮೂಲೆಗೆ ಹಾಯುವ ಕರ್ಣಪಟ್ಟಿಗಳನ್ನು ಕೂರಿಸಿ, ಆಸರೆಗಳನ್ನು ಒಂದೊಂದಾಗಿ ತೆಗೆದೆವು. ನೆತ್ತಿ ಮೊದಲ ದಿನ 30 ಮಿ.ಮೀ. ಇಳಿಯಿತು, ಮರುದಿನ 34, ಆಮೇಲೆ ಎರಡು ದಿನವೂ 35ರಲ್ಲೇ ಇದೆ. ಹೊರೆ ಹೊತ್ತ ಮರ ನಿಧಾನವಾಗಿ ಬಾಗುತ್ತಲೇ ಇರುವುದರಿಂದ ಅಳತೆಯನ್ನು ನಿಲ್ಲಿಸುವುದಿಲ್ಲ.

ನಮ್ಮ ನಿಜವಾದ ಚಿಂತೆ ಭಾರದ್ದಲ್ಲ, ಹಗುರತನದ್ದು. ರೀಪುಗಳೆಲ್ಲ ಸೇರಿ 120 ಕಿಲೋ ಕೂಡ ಇಲ್ಲ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 25 ಕಿಲೋ ಭಾರಕ್ಕೆ ಸಮ. ಬಟ್ಟೆ ಹೊದಿಸಿದ 48 ಚದರ ಮೀಟರ್ ಮಂಟಪವನ್ನು ಅಷ್ಟೇ ಒತ್ತಡ ಮೇಲಕ್ಕೆಳೆದರೆ ಅದು 1,200 ಕಿಲೋ ಆಗುತ್ತದೆ. ನೆಲಕ್ಕೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಸುತ್ತಲಿನ ಬೆಂಚುಗಳನ್ನೇ ಪೆಟ್ಟಿಗೆಗಳಾಗಿ ಮಾಡಿ, ಒಂದು ಘನ ಮೀಟರ್ ಒಣ ಮರಳು, ಅಂದರೆ ಸುಮಾರು 1,600 ಕಿಲೋ, ತುಂಬಲಿದ್ದೇವೆ. ಜನ ಕೂರುವ ಆಸನವೇ ಮಂಟಪವನ್ನು ಹಿಡಿದಿಡುವುದು ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಂಶ.

ಮುಂದಿನ ವಾರ ಎಲ್ಲವನ್ನೂ ಬಿಚ್ಚಿ ಚೌಕಕ್ಕೆ ಸಾಗಿಸಬೇಕು. ರೀಪುಗಳು ಈಗಾಗಲೇ ತಮ್ಮ ಬಾಗನ್ನು ಸ್ವಲ್ಪ ಉಳಿಸಿಕೊಂಡಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರದು. ಇಂದು ಸಂಜೆಯಿಂದ ಪ್ರತಿಯೊಂದಕ್ಕೂ ಸಂಖ್ಯೆ ಬರೆಯಲು ಕುಳಿತಿದ್ದೇವೆ.