ಸಾಕ್ಷಿಗೆ ಅಪ್ಪಯ್ಯನೇ ಬೇಕು ಅಂದ್ರು

ಹೋದ ತಿಂಗಳು ಒಂದಿನ ರಜೆ ಹಾಕಿ ಅಪ್ಪಯ್ಯನ್ನ ಕರ್ಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದೆ. ದೊಡ್ಡಪ್ಪ (ಸ್ವಂತ ದೊಡ್ಡಪ್ಪ ಅಲ್ಲ, ಕುಂದಾಪುರದ ಹತ್ರ ಊರಲ್ಲಿ ಪಕ್ಕದ ಮನೆಯವ್ರು) ಬೊಂಬಾಯಿಯ ಲೋವರ್ ಪರೇಲಲ್ಲಿ ನಡೆಸ್ತಿರೋ ಹೋಟೆಲಿನ ಹಳೇ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗ್ತಿದೆ, ಬದಲಿಗೆ ಹೊಸ ಬಿಲ್ಡಿಂಗಲ್ಲಿ ಅವ್ರ ಹೆಸರಿಗೇ ಅಂಗಡಿ ಸಿಗುತ್ತೆ, ಆ ಅಗ್ರಿಮೆಂಟಿಗೆ ಸಾಕ್ಷಿ ಬೇಕಿತ್ತು. "ನಿಮ್ಮಪ್ಪಯ್ಯನೇ ಬರ್ಕ್, ಬೇರೆ ಯಾರೂ ಬೇಡ" ಅಂದಿದ್ರು ಫೋನಲ್ಲಿ.

ಇಬ್ರೂ 1971ರಲ್ಲಿ ಒಂದೇ ಬಸ್ಸಲ್ಲಿ ಬೊಂಬಾಯಿಗೆ ಬಂದೋರು, ಕೊಂಕಣ ರೈಲ್ವೆ ಪೂರ್ತಿ ಆಗಿದ್ದು 1998ಕ್ಕೆ ಅಲ್ವಾ, ಆಗೆಲ್ಲ ಘಟ್ಟ ಹತ್ತಿ ಸುತ್ತಿಕೊಂಡೇ ಬರ್ಬೇಕಿತ್ತು. ಅಲ್ಲಿ ಫೋರ್ಟ್ ಏರಿಯಾದ ಒಂದೇ ಹೋಟೆಲಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಟೇಬಲ್ ಜೋಡಿಸಿ ಅದ್ರ ಮೇಲೇ ಮಲಗ್ತಿದ್ರು. ಅಪ್ಪಯ್ಯ ಕನ್ನಡ ರಾತ್ರಿಶಾಲೆಗೆ ಹೋಗಿ ಎಸ್ಸೆಸ್ಸಿ ಪಾಸಾದ್ರು, ದೊಡ್ಡಪ್ಪ ಏಳಕ್ಕೇ ಬಿಟ್ರು. ಬೆಳಗ್ಗೆ ನಾಲ್ಕಕ್ಕೆ ಏಳೋದ್ರಲ್ಲಿ, ದುಡ್ಡು ಉಳಿಸೋದ್ರಲ್ಲಿ ಇಬ್ರೂ ಸಮ.

ದಾರಿ ಬೇರೆ ಆಗಿದ್ದು 1982ರಲ್ಲಿ. ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳ್ತನದ ಬಟ್ಟೆ ಮಿಲ್ ಮುಷ್ಕರ ಶುರುವಾಯ್ತು, ಸುಮಾರು 2.5 ಲಕ್ಷ ಕಾರ್ಮಿಕರು ಕೆಲ್ಸ ನಿಲ್ಸಿದ್ರು, ಎಷ್ಟೋ ಜನ ಊರಿಗೇ ವಾಪಸ್ ಹೋದ್ರು. ಮಿಲ್ಲಿನವ್ರನ್ನೇ ನಂಬಿದ್ದ ನಮ್ಮೂರ ಕಡೆಯವ್ರ ಒಂದು ಚಾ ಅಂಗಡಿ, ಉದ್ರಿ ಪುಸ್ತಕ ತುಂಬಿ ದುಡ್ಡು ಬರ್ದೆ, ಸಿಕ್ಕಿದ ರೇಟಿಗೆ ಪಗಡಿ ಬಿಟ್ಕೊಡೋ ಸ್ಥಿತಿಗೆ ಬಂತು. ಈ ಸುದ್ದಿ ಮೊದ್ಲು ಗೊತ್ತಾಗಿದ್ದು ದೊಡ್ಡಪ್ಪನ ಭಾವನಿಗೆ, ಅವ್ರೂ ಹೋಟೆಲಿನವ್ರೇ.

ಪಗಡಿ ಅಂದ್ರೆ ಏನು ಅಂತ ಇಲ್ಲಿ ಹೇಳ್ಲೇಬೇಕು. ಬಾಡಿಗೆದಾರ ಜಾಗ ಬಿಟ್ಕೊಡೋಕೆ ದೊಡ್ಡ ಮೊತ್ತ ತಗೋತಾನೆ, ಅದ್ರಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲು ಬಿಲ್ಡಿಂಗ್ ಮಾಲೀಕನಿಗೆ, ಆಮೇಲೆ ಬಾಡಿಗೆ 1947ರ ಬಾಡಿಗೆ ಕಾಯ್ದೆಯಿಂದಾಗಿ ಆಗ ಏರ್ತಾನೇ ಇರ್ಲಿಲ್ಲ ಅನ್ನಬೇಕು. ಆದ್ರೆ ಆಗ ಪಗಡಿ ತಗೊಳ್ಳೋದು ಕಾನೂನಿಗೆ ವಿರುದ್ಧ, ಹಾಗಾಗಿ ರಸೀದಿ ಇಲ್ಲ, ಬ್ಯಾಂಕ್ ಲೋನ್ ಇಲ್ಲ, ಎಲ್ಲಾ ಬಾಯಿ ಮಾತು. ಯಾರೋ ಒಬ್ರು ಮುಂದೆ ಕೂತು "ಹುಡ್ಗ ನಮ್ಮೋನು, ನಾನಿದ್ದೇನೆ" ಅನ್ಬೇಕು. ಭಾವ ಹೋಗಿ ಕೂತ್ರು, ತಮ್ಮ ಚಿಟ್ ಎತ್ತಿ ದುಡ್ಡೂ ಕೊಟ್ರು, ಅಂಗಡಿ ದೊಡ್ಡಪ್ಪನ ಕೈಗೆ ಬಂತು, ಅದೇ ಈಗಿನ ಹೋಟೆಲು.

ಅಪ್ಪಯ್ಯನಿಗೆ ಬೊಂಬಾಯಲ್ಲಿ ಅಂಥ ಭಾವ ಇರ್ಲಿಲ್ಲ. ಆದ್ರೂ ದೊಡ್ಡಪ್ಪ "ಅರ್ಧ ಹಾಕು, ಪಾರ್ಟ್ನರ್ ಆಗು" ಅಂತ ಕರೆದಿದ್ರು, ಆದ್ರೆ ಅದೇ ಬೇಸಿಗೆಗೆ ನನ್ನ ಅತ್ತೆ ಮದುವೆ, ಕೂಡಿಟ್ಟಿದ್ದೆಲ್ಲ ಊರಿಗೆ ಹೋಯ್ತು. ಆಮೇಲೆ 31 ವರ್ಷ ಅಪ್ಪಯ್ಯ ಫೋರ್ಟಿನ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತ್ರು, ಸಂಬಳಕ್ಕೆ.

ದೊಡ್ಡಪ್ಪನ ಹೋಟೆಲಿನ ಹೊರಗೆ ಮಿಲ್ಲುಗಳು ಒಂದೊಂದಾಗಿ ಹೋಗಿ ಫೀನಿಕ್ಸ್ ಮಿಲ್ ಮಾಲ್ ಆಯ್ತು, ಸುತ್ತ ಗಾಜಿನ ಆಫೀಸು ಎದ್ವು, ಮಧ್ಯಾಹ್ನ ಊಟಕ್ಕೆ ಕ್ಯೂ. 1999ರ ಹೊಸ ಬಾಡಿಗೆ ಕಾಯ್ದೆ ಪಗಡಿಗೂ ಮಾನ್ಯತೆ ಕೊಡ್ತು. ಇದ್ಯಾವುದಕ್ಕೂ ದೊಡ್ಡಪ್ಪ ಬೆವರು ಹರಿಸಿರ್ಲಿಲ್ಲ. ಹೋದ ವರ್ಷ ದೊಡ್ಡಪ್ಪನ ಸನ್ಮಾನದ ಸ್ಟೇಜಲ್ಲಿ ಅವ್ರ ಬಗ್ಗೆ "ಬರೀ ಶ್ರಮದಿಂದ ಮೇಲೆ ಬಂದವ್ರು" ಅಂತ ಭಾಷಣ ಮಾಡಿದಾಗ ನಂಗೆ ಹೊಟ್ಟೇಲಿ ಸಂಕಟ ಆಯ್ತು, ಯಾಕಂದ್ರೆ ಮೂರನೇ ಸಾಲಲ್ಲಿ ಕೂತು ಚಪ್ಪಾಳೆ ತಟ್ತಿದ್ದ ಅಪ್ಪಯ್ಯ ಹಾಗಾದ್ರೆ ಏನು ಮಾಡ್ಲಿಲ್ಲ? ದೊಡ್ಡಪ್ಪನ ಮೇಲೆ ನಂಗೆ ಸಿಟ್ಟಿಲ್ಲ, ನನ್ನ ಇಂಜಿನಿಯರಿಂಗ್ ಫೀಸು ಮೂರು ವರ್ಷ ಕಟ್ಟಿದ್ದು ಅವ್ರೇ, ನನ್ನ ಮೊದ್ಲ ಕೆಲ್ಸಾನೂ ಅವ್ರ ಗಿರಾಕಿಯೊಬ್ರ ಪರಿಚಯದಿಂದಾನೇ ಸಿಕ್ಕಿದ್ದು. ಆ ಮಾತಿನ ಮೇಲೆ ಸಿಟ್ಟು.

ಆಫೀಸಲ್ಲಿ ಇಬ್ರ ಹೆಬ್ಬೆರಳೂ ಮಷೀನಿಗೆ ಸರಿಯಾಗಿ ಹತ್ಲಿಲ್ಲ, ಕ್ಲರ್ಕು ಮತ್ತೆ ಮತ್ತೆ ಒರೆಸಿ ಇಡಿ ಅಂದ. ಫೋಟೋ ಆಯ್ತು, ಸಹಿ ಆಯ್ತು. ವಾಪಸ್ ಟ್ರೇನಲ್ಲಿ ಕೇಳೇಬಿಟ್ಟೆ, ಅರ್ಧ ಪಾಲು ಹೋಯ್ತಲ್ಲ, ಬೇಜಾರಿಲ್ವಾ ಅಂತ. ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿ, "ಮಿಲ್ಲು ಮಾಲ್ ಆಗತ್ತಂತ ನಂಗೆ ಗೊತ್ತಿರ್ಲಿಲ್ಲ, ಅವನಿಗೂ ಗೊತ್ತಿರ್ಲಿಲ್ಲ ಮಗಾ" ಅಂದ್ರು. ದಾದರ್ ದಾಟಿದ ಮೇಲೆ "ನಿನ್ನ ಅತ್ತೆಗೆ ಫೋನ್ ಹಚ್ಚು" ಅಂದು, ಅಂಗಡಿ ರಿಜಿಸ್ಟ್ರೇಷನ್ ಆಯ್ತು ಅಂತ ಖುಷಿಯಿಂದ ಹೇಳಿದ್ರು. ಆ ಅರ್ಧ ಪಾಲಿನ ವಿಷ್ಯ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.